ಮನೆ ಬೆಚ್ಚಗಿಡುವ ವ್ಯವಸ್ಥೆ ಬದಲಿಸಲು ಮೂವರು ಪ್ಲಂಬರ್, ಮೂರು ಲೆಕ್ಕ. ಯಾವುದನ್ನು ನಂಬುವುದು?

ಹಳೇ ಬಾಯ್ಲರ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನೀರು ಕಾಯಿಸುವ ಗ್ಯಾಸ್ ಬಾಯ್ಲರ್, ಆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳು, ಪಕ್ಕದಲ್ಲಿ ಬಿಸಿನೀರಿನ ಟ್ಯಾಂಕ್ ಇದೆ. ಎಲ್ಲಾ ಹಳೆಯದು. ಬಾಯ್ಲರ್ ಬದಲಿಸಬೇಕು, ಎರಡು ರೇಡಿಯೇಟರ್ ದೊಡ್ಡದು ಮಾಡಬೇಕು, ಉಳಿದವಕ್ಕೆ ಥರ್ಮೋಸ್ಟಾಟ್ ವಾಲ್ವ್ (ಕೋಣೆ ಬೆಚ್ಚಗಾದಾಗ ತಾನೇ ನೀರು ತಡೆಯುವಂಥದ್ದು) ಹಾಕಿಸಬೇಕು. ಇಷ್ಟೇ ಕೆಲಸ.

ಮೂವರನ್ನು ಕರೆಸಿದೆ. ಮೊದಲನೆಯವರು ಬಾಯ್ಲರ್ ನೋಡಿ, ಹೊರಡುವಾಗ ಬಾಗಿಲಲ್ಲೇ ನಿಂತು ಒಂದು ಮೊತ್ತ ಹೇಳಿದರು. ಎರಡನೆಯವರು ಮೆಸೇಜ್‌ನಲ್ಲಿ ನಾಲ್ಕು ಸಾಲು ಕಳಿಸಿದರು. ಮೂರನೆಯವರು ಟೇಪ್ ಹಿಡಿದು ಪ್ರತಿ ಕೋಣೆ, ಕಿಟಕಿ ಎಲ್ಲಾ ಅಳೆದು, ಪುಟಗಟ್ಟಲೆ ಕೊಟೇಶನ್ ಕೊಟ್ಟರು. ಅವರ ಮೊತ್ತ ಮೊದಲನೆಯವರ ಮೊತ್ತದ ಹೆಚ್ಚುಕಡಿಮೆ ಎರಡರಷ್ಟು!

ಸಾಮಾನಿನ ಬೆಲೆ ನಾನೇ ವಿಚಾರಿಸಿದೆ. ಅಗ್ಗದ ಕೊಟೇಶನ್‌ನಲ್ಲೂ ಸಾಮಾನು ಅರ್ಧದಷ್ಟೂ ಬರುವುದಿಲ್ಲ. ಉಳಿದದ್ದೆಲ್ಲಾ ಕೂಲಿನಾ? ಮಾಡಿಸಿದವರು, ಮಾಡುವವರು ಯಾರಾದರೂ ಬಿಡಿಸಿ ಹೇಳಿ.

ಕಂಬಳಿ ಸಾಕು

ಕೂಲಿಯಲ್ಲ ಸ್ವಾಮಿ, ಸುಲಿಗೆ. ಟೇಪ್ ಹಿಡಿದು ಬಂದವರು ಅಳೆದದ್ದು ಕೋಣೆಯನ್ನಲ್ಲ, ನಿಮ್ಮ ಜೇಬನ್ನು. ಬಾಯ್ಲರ್, ವಾಲ್ವ್ ಎಲ್ಲಾ ನೀವೇ ತನ್ನಿ. ಕೆಲಸಕ್ಕೆ ದಿನಗೂಲಿ ಮಾತಾಡಿ. ಮುಗೀತು.

ಪೈಪ್ ಪಾನಾ

ನಾನು ಇದೇ ಕೆಲಸದವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತನ್ನು ಸ್ವಲ್ಪ ಕಡಿತ ಮಾಡಿಕೊಂಡೇ ಓದಿ.

ಒಂದು ವಾಲ್ವ್ ಬದಲಿಸುವುದನ್ನೇ ತೆಗೆದುಕೊಳ್ಳಿ. ವಾಲ್ವ್ ಬಿಚ್ಚಿ ಹೊಸದು ಕೂರಿಸುವುದು ಸಣ್ಣ ಕೆಲಸ. ಆದರೆ ಅದಕ್ಕೂ ಮೊದಲು ಬಾಯ್ಲರ್ ಆರಿಸಬೇಕು, ತಣ್ಣಗಾಗಲು ಬಿಡಬೇಕು, ಇಡೀ ಮನೆಯ ಪೈಪಿನ ನೀರು ಖಾಲಿ ಮಾಡಬೇಕು. ಆಮೇಲೆ ಮತ್ತೆ ತುಂಬಿಸಬೇಕು. ಒಂದೊಂದು ರೇಡಿಯೇಟರಿನಿಂದಲೂ ಗಾಳಿ ತೆಗೆಯಬೇಕು, ತುಕ್ಕು ತಡೆಯುವ ಔಷಧ ಹೊಸದಾಗಿ ಹಾಕಬೇಕು, ಬಿಸಿ ಮಾಡಿ ಎಲ್ಲಾದರೂ ಸೋರುತ್ತಿದೆಯಾ ನೋಡಬೇಕು. ಒಂದು ವಾಲ್ವ್ ಹಾಕಿದರೂ ಇಷ್ಟು ಕೆಲಸ ಇದ್ದೇ ಇದೆ, ಹತ್ತು ಹಾಕಿದರೂ ಇದೇ. ಅದಕ್ಕೇ ಒಂದೇ ವಾಲ್ವಿಗೆ ಕರೆದಾಗ ಬಿಲ್ ನೋಡಿ ಜನ ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರೆ. ಹಾಗಾಗಿ ಸಣ್ಣಪುಟ್ಟದ್ದನ್ನೆಲ್ಲಾ ಕೂಡಿಟ್ಟು ಒಂದೇ ಸಲ ಮಾಡಿಸಿ. ಪ್ಲಂಬರ್ ಜೊತೆ ಚೌಕಾಸಿ ಮಾಡುವುದಕ್ಕಿಂತ ಇದರಲ್ಲೇ ಜಾಸ್ತಿ ಉಳಿಯುತ್ತದೆ.

ಎರಡನೆಯದು, ಕಣ್ಣಿಗೆ ಕಾಣದ ಕೆಲಸ. ಪೈಪ್ ಮರದ ನೆಲದ ಕೆಳಗಿದೆಯೋ, ಕಾಂಕ್ರೀಟಿನೊಳಗಿದೆಯೋ? ಹಲಗೆ ಎತ್ತುವುದಕ್ಕೂ ಕಾಂಕ್ರೀಟ್ ಒಡೆಯುವುದಕ್ಕೂ ಅಜಗಜಾಂತರ. ಹಳೇ ಪೈಪ್ ಅಂಗುಲದ ಅಳತೆಯದಾಗಿದ್ದರೆ ಮಿಲಿಮೀಟರಿನ ಹೊಸ ಫಿಟಿಂಗ್ ಅದಕ್ಕೆ ಸರಿಯಾಗಿ ಕೂರದೇ ಹೋಗಬಹುದು, ನಡುವೆ ಅಡಾಪ್ಟರ್ ಬೇಕು. ಹಳೇ ನಟ್ ಜಗ್ಗದಿದ್ದರೆ ಅಷ್ಟು ಪೈಪನ್ನೇ ಕತ್ತರಿಸಬೇಕು.

ಮೂರನೆಯದು, ಹೊಸ ಬಾಯ್ಲರಿನ ಬೇಡಿಕೆಗಳು. ಈಗಿನ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿರುವ ನೀರಾವಿಯನ್ನೂ ತಣಿಸಿ ಅದರ ಶಾಖ ತೆಗೆದುಕೊಳ್ಳುತ್ತದೆ. ಹಾಗೆ ಇಳಿಯುವ ನೀರು ಸ್ವಲ್ಪ ಆಮ್ಲದ್ದು. ಅದನ್ನು ಪ್ಲಾಸ್ಟಿಕ್ ಪೈಪಿನಲ್ಲಿ ಚರಂಡಿಗೆ ಬಿಡಬೇಕು. ಆ ಪೈಪನ್ನು ಸಣ್ಣದಾಗಿ ಮನೆಯ ಹೊರಗೆ ಎಳೆದುಬಿಟ್ಟರೆ, ಚಳಿ ಜೋರಾದ ದಿನವೇ ನೀರು ಹೆಪ್ಪುಗಟ್ಟಿ ಬಾಯ್ಲರ್ ನಿಂತುಹೋಗುತ್ತದೆ. ಹೊಗೆ ಕೊಳವೆಯೂ ಹೊಸದು ಬೇಕು. ಗ್ಯಾಸ್ ಪೈಪ್ ಸಾಲದಿದ್ದರೆ ಅದನ್ನೂ ದೊಡ್ಡದು ಮಾಡಬೇಕು. ಬಾಗಿಲಲ್ಲಿ ನಿಂತು ಮೊತ್ತ ಹೇಳಿದವರು ಇವನ್ನೆಲ್ಲಾ ಲೆಕ್ಕಕ್ಕೆ ಹಿಡಿದಿದ್ದಾರಾ? ಹಿಡಿದಿರಲೂಬಹುದು. ಕೇಳಿ.

ಕಂಬಳಿ ಸಾಕು ಅವರೇ, ಸಾಮಾನು ಮಾಲೀಕರೇ ತಂದರೆ ನನಗೆ ಅಭ್ಯಂತರ ಇಲ್ಲ. ಆದರೆ ತಂದ ಪಂಪ್ ಕೆಟ್ಟದ್ದಾದರೆ ಅದನ್ನು ಬಿಚ್ಚಿ ಇನ್ನೊಂದು ಹಾಕುವ ಕೂಲಿ ನಿಮ್ಮದೇ. ನಾನು ತಂದಿದ್ದರೆ ಅದು ನನ್ನ ತಲೆನೋವು. ಸಾಮಾನಿನ ಮೇಲೆ ನಾವು ಹಾಕುವ ಲಾಭದಲ್ಲಿ ಆ ತಲೆನೋವಿನ ಬೆಲೆಯೂ ಇದೆ.

ಕಂಬಳಿ ಸಾಕು

ತಲೆನೋವಿನ ಬೆಲೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ.

ಲೆಕ್ಕದ ಪುಸ್ತಕ

ಟೇಪ್ ಹಿಡಿದವರ ಪರವಾಗಿ ಎರಡು ಮಾತು. ಅವರು ಮಾಡಿದ್ದು ಶಾಖ ನಷ್ಟದ ಲೆಕ್ಕ. ಹೊರಗೆ ಅತಿ ಚಳಿ ಇರುವ ದಿನ ಪ್ರತಿ ಕೋಣೆಯ ಗೋಡೆ, ಕಿಟಕಿ, ಸೂರು, ಸಂದುಗಳಿಂದ ಎಷ್ಟು ವ್ಯಾಟ್ ಶಾಖ ಸೋರಿಹೋಗುತ್ತದೆ ಅಂತ ನೋಡುತ್ತಾರೆ. ಅಷ್ಟು ಶಾಖ ಕೊಡುವ ರೇಡಿಯೇಟರ್ ಆ ಕೋಣೆಗೆ ಬೇಕು. ಎಲ್ಲಾ ಕೋಣೆ ಕೂಡಿದರೆ ಬಾಯ್ಲರ್ ಎಷ್ಟು ದೊಡ್ಡದಿರಬೇಕು ಅನ್ನುವುದು ಸಿಗುತ್ತದೆ.

ಈ ಲೆಕ್ಕ ಮಾಡದವರು ಹೆಚ್ಚಾಗಿ ಹಳೇ ಬಾಯ್ಲರಿನ ಮೇಲೆ ಬರೆದ ಅಂಕಿ ನೋಡಿ ಅಷ್ಟೇ ದೊಡ್ಡದನ್ನು ಬರೆಯುತ್ತಾರೆ, ಅಥವಾ ಸುರಕ್ಷಿತವಾಗಿರಲಿ ಅಂತ ಇನ್ನೂ ದೊಡ್ಡದು. ಅಗತ್ಯಕ್ಕಿಂತ ದೊಡ್ಡ ಬಾಯ್ಲರ್ ಬೇಗ ಬಿಸಿಯಾಗಿ ಆರುತ್ತದೆ, ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ. ಗ್ಯಾಸೂ ದಂಡ, ಯಂತ್ರವೂ ಬೇಗ ಸವೆಯುತ್ತದೆ.

ಇನ್ನೊಂದು ವಿಷಯ. ಪಾನಾ ಅವರು ಹೇಳಿದ ನೀರಾವಿ ತಣಿಯಬೇಕಾದರೆ ರೇಡಿಯೇಟರಿನಿಂದ ವಾಪಸ್ ಬರುವ ನೀರು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರಬೇಕು. ರೇಡಿಯೇಟರ್ ಚಿಕ್ಕದಿದ್ದು, ಮನೆ ಬೆಚ್ಚಗಾಗಲು 75–80 ಡಿಗ್ರಿ ನೀರು ಕಳಿಸಬೇಕಾಗಿ ಬಂದರೆ, ವಾಪಸ್ ಬರುವ ನೀರೂ ಬಿಸಿಯಾಗಿಯೇ ಇರುತ್ತದೆ. ಆಗ ದುಬಾರಿ ಕಂಡೆನ್ಸಿಂಗ್ ಬಾಯ್ಲರ್ ತಂದು ಅದರ ಮುಖ್ಯ ಗುಣವನ್ನೇ ಬಳಸದೆ ಬಿಟ್ಟಂತೆ. ಕೋಣೆ ಅಳೆಯಲು ಹೋದ ಸಮಯಕ್ಕೆ ಅವರು ದುಡ್ಡು ಹಾಕಿದ್ದರೆ ನನಗಂತೂ ಅದು ಅನ್ಯಾಯ ಅನ್ನಿಸುವುದಿಲ್ಲ.

ಬಾಯ್ಲರಿನಿಂದಲೇ ನೇರವಾಗಿ ಬಿಸಿನೀರು ಬರುವ ಕಾಂಬಿ ಮಾದರಿ ಹಾಕಿಸಿ ಟ್ಯಾಂಕ್ ತೆಗೆಯುವ ಮಾತು ಬಂದಿದೆಯಾ? ಅದರ ಲೆಕ್ಕ ಬೇರೆ. ನಿಮಿಷಕ್ಕೆ 10 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಸುಮಾರು 24 ಕಿಲೋವ್ಯಾಟ್ ಬೇಕು. ಮನೆ ಬೆಚ್ಚಗಿಡಲು ಅದರ ಅರ್ಧವೂ ಬೇಕಾಗದಿರಬಹುದು. ಅಂದರೆ ಸ್ನಾನದ ನೀರಿಗಾಗಿ ದೊಡ್ಡ ಬಾಯ್ಲರ್, ಅದಕ್ಕಾಗಿ ಗ್ಯಾಸ್ ಪೈಪ್ ಬದಲಾವಣೆ, ಟ್ಯಾಂಕ್ ಕಿತ್ತು ಅಲ್ಲಿನ ಪೈಪ್ ಮುಚ್ಚುವ ಕೆಲಸ. ಕೂಲಿ ಏರುವುದು ಹೀಗೆ.

ಹಳೇ ಬಾಯ್ಲರ್

ಟ್ಯಾಂಕ್ ಇರಲಿ ಅಂತಲೇ ಇದ್ದೇನೆ. ಮನೆಯಲ್ಲಿ ಒಂದೇ ಹೊತ್ತಿಗೆ ಇಬ್ಬರು ಸ್ನಾನಕ್ಕೆ ಹೋಗುತ್ತಾರೆ.

ಈಗ ಮೂರು ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ “ಬಾಯ್ಲರ್, ವಾಲ್ವ್, ಎಲ್ಲಾ ಸೇರಿ” ಅಂತ ಅಷ್ಟೇ. ಎರಡನೆಯದರಲ್ಲಿ ರೇಡಿಯೇಟರ್ ಅಳತೆ ಇದೆ, ಬಾಯ್ಲರ್ ಮಾದರಿ ಇದೆ, ಹಳೆಯದನ್ನು ಸಾಗಿಸುವುದು ಇದೆ. ಮೂರನೆಯದರಲ್ಲಿ ಇವೆಲ್ಲದರ ಜೊತೆ ಪವರ್ ಫ್ಲಶ್ (ಮೆಷಿನ್‌ನಿಂದ ಜೋರಾಗಿ ನೀರು ಹಾಯಿಸಿ ಪೈಪ್ ತೊಳೆಯುವುದು), ಮ್ಯಾಗ್ನೆಟಿಕ್ ಫಿಲ್ಟರ್ (ತುಕ್ಕಿನ ಪುಡಿ ಹಿಡಿಯುವ ಅಯಸ್ಕಾಂತದ ಜಾಲರಿ), ಕಂಡೆನ್ಸೇಟ್ ಪೈಪ್ (ಪಾನಾ ಅವರು ಹೇಳಿದ ಆಮ್ಲದ ನೀರಿನದು), ಬ್ಯಾಲೆನ್ಸಿಂಗ್ (ಎಲ್ಲಾ ರೇಡಿಯೇಟರಿಗೂ ಬಿಸಿನೀರು ಸರಿಯಾಗಿ ಹಂಚುವುದು), ವೈರಿಂಗಿಗೆ ಎಲೆಕ್ಟ್ರಿಷಿಯನ್ ಕೂಲಿ ಇದೆ. ಗೋಡೆ ಪ್ಲಾಸ್ಟರ್, ಪೇಂಟ್ ನಮ್ಮದಲ್ಲ ಅಂತ ಮೂರನೆಯವರು ಮಾತ್ರ ಬರೆದಿದ್ದಾರೆ. ಉಳಿದಿಬ್ಬರು ಆ ವಿಷಯವೇ ಎತ್ತಿಲ್ಲ.

ಈ ಪವರ್ ಫ್ಲಶ್ ನಿಜವಾಗಿಯೂ ಬೇಕಾ? ಅದಕ್ಕೇ ದೊಡ್ಡ ಮೊತ್ತ ಹಾಕಿದ್ದಾರೆ.

ಕಂಬಳಿ ಸಾಕು

ಬೇಡ. ಅದು ಮೆಷಿನ್ ಸಾಲ ತೀರಿಸುವ ದಾರಿ.

ಪೈಪ್ ಪಾನಾ

ಈ ಸಲ ಅರ್ಧ ಒಪ್ಪುತ್ತೇನೆ. ರೇಡಿಯೇಟರಿನ ಉಕ್ಕು ಒಳಗೊಳಗೇ ತುಕ್ಕು ಹಿಡಿದು ಕಪ್ಪು ಪುಡಿಯಾಗುತ್ತದೆ. ಅದು ಕೆಸರಾಗಿ ರೇಡಿಯೇಟರಿನ ತಳದಲ್ಲಿ ಕೂರುತ್ತದೆ. ಹೊಸ ಬಾಯ್ಲರಿನ ಒಳದಾರಿಗಳು ತೀರಾ ಸಣ್ಣವು, ಈ ಕೆಸರು ಅಲ್ಲಿಗೆ ಹೋದರೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹೊಸ ಬಾಯ್ಲರಿಗೆ ಮೊದಲು ಪೈಪ್ ಶುದ್ಧ ಮಾಡಲೇಬೇಕು. ಬಾಯ್ಲರ್ ಕಂಪನಿಗಳೂ ವಾರಂಟಿಗೆ ಈ ಷರತ್ತು ಇಡುತ್ತವೆ. ಆದರೆ ಶುದ್ಧ ಮಾಡುವುದು ಅಂದರೆ ಪ್ರತಿ ಮನೆಗೂ ಪವರ್ ಫ್ಲಶ್ ಅಂತಲ್ಲ. ಕೆಸರು ಕಡಿಮೆ ಇದ್ದರೆ ಕ್ಲೀನಿಂಗ್ ಔಷಧ ಹಾಕಿ ಕೆಲವು ದಿನ ಓಡಿಸಿ, ನೀರು ತಿಳಿಯಾಗುವವರೆಗೆ ತೊಳೆದರೆ ಸಾಕು. ತೀರಾ ತುಕ್ಕು ಹಿಡಿದ ಹಳೇ ರೇಡಿಯೇಟರಿಗೆ ಜೋರಾಗಿ ನೀರು ಹೊಡೆದರೆ ಇದ್ದ ಸಣ್ಣ ತೂತು ದೊಡ್ಡದಾಗುವುದೂ ಉಂಟು.

ಮೂರನೆಯವರನ್ನು ಕರೆದು, ನಿಮ್ಮ ಎದುರಿಗೇ ಒಂದು ರೇಡಿಯೇಟರಿನಿಂದ ಸ್ವಲ್ಪ ನೀರು ತೆಗೆಯಲು ಹೇಳಿ. ಮಸಿಯಂತೆ ಕಪ್ಪಗಿದ್ದು, ಅಯಸ್ಕಾಂತ ಹಿಡಿದಾಗ ಪುಡಿ ಅಂಟಿದರೆ ವಾದ ಮಾಡಬೇಡಿ. ನೀರು ಸ್ವಲ್ಪ ಮಂಕಾಗಿದ್ದರೆ ಸಣ್ಣ ಕ್ಲೀನಿಂಗಿನ ಬೆಲೆ ಕೇಳಿ. ಮ್ಯಾಗ್ನೆಟಿಕ್ ಫಿಲ್ಟರ್ ಮಾತ್ರ ಬಿಡಬೇಡಿ, ಅದು ಬಾಯ್ಲರಿಗೆ ವಾಪಸ್ ಬರುವ ಪೈಪಿನ ಮೇಲೆ ಕೂರುತ್ತದೆ. ವರ್ಷಕ್ಕೊಮ್ಮೆ ಸರ್ವಿಸಿನಲ್ಲಿ ಅದನ್ನು ತೆರೆದು ತೊಳೆಯುತ್ತಾರೆ.

ತಣ್ಣನೆ ಕೋಣೆ

ನಡುವೆ ನನ್ನದೊಂದು ಪ್ರಶ್ನೆ, ಬೇಜಾರಾಗಬೇಡಿ. ನನ್ನ ಮಗಳ ಕೋಣೆ ಮಾತ್ರ ಬೆಚ್ಚಗಾಗುವುದೇ ಇಲ್ಲ. ಬಂದು ನೋಡಿದವರು ರೇಡಿಯೇಟರ್ ಸಾಲದು, ದೊಡ್ಡದು ಹಾಕಬೇಕು, ಪೈಪೂ ಹೊಸದು ಎಳೆಯಬೇಕು ಅಂದರು. ಕೇಳಿಯೇ ತಲೆ ತಿರುಗಿತು.

ಪೈಪ್ ಪಾನಾ

ಮೇಡಂ, ರೇಡಿಯೇಟರ್ ಮುಟ್ಟಿ ನೋಡಿ, ಹುಷಾರು. ಮೇಲೆ ತಣ್ಣಗೆ, ಕೆಳಗೆ ಬಿಸಿ ಇದ್ದರೆ ಒಳಗೆ ಗಾಳಿ ಸೇರಿದೆ. ಸಣ್ಣ ಕೀಲಿಯಿಂದ ಗಾಳಿ ನೀವೇ ಬಿಡಬಹುದು, ಆಮೇಲೆ ಬಾಯ್ಲರಿನ ಪ್ರೆಶರ್ ನೋಡಿ. ಪೈಪಿನ ನೀರು ಹೊರಗಾಳಿಗೆ ತೆರೆದಿರದ ಮುಚ್ಚಿದ ವ್ಯವಸ್ಥೆಯಾದರೆ ತಣ್ಣಗಿದ್ದಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಕೆಳಗೆ ನಡುಭಾಗ ತಣ್ಣಗಿದ್ದರೆ ಕೆಸರು. ಇಡೀ ರೇಡಿಯೇಟರೇ ಉಗುರುಬೆಚ್ಚಗಿದ್ದು ಬೇರೆ ಕೋಣೆಯವು ಕುದಿಯುತ್ತಿದ್ದರೆ, ಬ್ಯಾಲೆನ್ಸಿಂಗ್ ಆಗಿಲ್ಲ. ಬಾಯ್ಲರಿಗೆ ಹತ್ತಿರ ಇರುವವು ಬಿಸಿನೀರನ್ನೆಲ್ಲಾ ಎಳೆದುಕೊಳ್ಳುತ್ತಿವೆ. ಪ್ರತಿ ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಮುಚ್ಚಳದ ಕೆಳಗೆ ಲಾಕ್‌ಶೀಲ್ಡ್ ವಾಲ್ವ್ ಇರುತ್ತದೆ. ಹತ್ತಿರದವನ್ನು ಸ್ವಲ್ಪ ಬಿಗಿ ಮಾಡಿ, ದೂರದವನ್ನು ತೆರೆದರೆ ಸರಿಹೋಗುತ್ತದೆ. ಇದಕ್ಕೆ ಸಾಮಾನಿನ ಖರ್ಚೇ ಇಲ್ಲ. ಪ್ಲಂಬರ್ ಮಾಡಿದರೆ ಗಂಟೆಗಳ ಕೂಲಿ ಅಷ್ಟೇ.

ತಣ್ಣನೆ ಕೋಣೆ

ಕೆಳಗೂ ಮೇಲೂ ಒಂದೇ ತರ, ಉಗುರುಬೆಚ್ಚಗೆ. ಹಾಲ್‌ನಲ್ಲಿರುವ ರೇಡಿಯೇಟರ್ ಬಿಸಿಗೆ ಮುಟ್ಟಲಾಗುವುದಿಲ್ಲ!

ಪೈಪ್ ಪಾನಾ

ಹಾಗಾದರೆ ಮೊದಲು ಬ್ಯಾಲೆನ್ಸಿಂಗ್ ಮಾಡಿಸಿ. ಪೈಪ್ ಎಳೆಯುವ ಮಾತು ಆಮೇಲೆ.

ಮಾಳಿಗೆ ಮೇಲೆ

ನಾನು ಇನ್ನೊಂದೆರಡು ಚಳಿಗಾಲ ಹಳೇ ಬಾಯ್ಲರ್ ತಳ್ಳಿ, ಆಮೇಲೆ ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆ ತರುವ ಯಂತ್ರ) ಹಾಕಿಸೋಣ ಅಂತ ಇದ್ದೇನೆ. ಈಗಲೇ ರೇಡಿಯೇಟರ್ ಬದಲಿಸಿಕೊಂಡರೆ ಮುಂದೆ ಖರ್ಚು ಉಳಿಯುತ್ತದಾ?

ಲೆಕ್ಕದ ಪುಸ್ತಕ

ಸರಿಯಾಗಿ ಆರಿಸಿದರೆ ಉಳಿಯುತ್ತದೆ. ರೇಡಿಯೇಟರಿನ ಮೇಲೆ ಬರೆದಿರುವ ವ್ಯಾಟ್ ಸಾಮಾನ್ಯವಾಗಿ ಅದರ ಸರಾಸರಿ ಬಿಸಿ ಕೋಣೆಗಿಂತ 50 ಡಿಗ್ರಿ ಜಾಸ್ತಿ ಇದ್ದಾಗಿನದು. ಹೀಟ್ ಪಂಪ್ ಕಡಿಮೆ ಬಿಸಿಯ ನೀರಿನಲ್ಲೇ ಚೆನ್ನಾಗಿ ಓಡುವುದು. ಆ ಅಂತರ 30 ಡಿಗ್ರಿಗೆ ಇಳಿದರೆ ಅದೇ ರೇಡಿಯೇಟರ್ ಬರೆದಿರುವುದರ ಅರ್ಧದಷ್ಟು ಮಾತ್ರ ಶಾಖ ಕೊಡುತ್ತದೆ. ಅಂಗಡಿಯಲ್ಲಿ 2000 ವ್ಯಾಟ್ ಅಂತ ಕೊಂಡದ್ದು ಮನೆಯಲ್ಲಿ 1000 ವ್ಯಾಟ್ ಆಗುತ್ತದೆ.

ಪೈಪಿನದು ಇನ್ನೂ ದೊಡ್ಡ ವಿಷಯ. ಬಾಯ್ಲರಿನಲ್ಲಿ ಹೋಗುವ ನೀರಿಗೂ ವಾಪಸ್ ಬರುವ ನೀರಿಗೂ 20 ಡಿಗ್ರಿ ವ್ಯತ್ಯಾಸ ಇಟ್ಟರೆ, 10 ಕಿಲೋವ್ಯಾಟ್ ಸಾಗಿಸಲು ನಿಮಿಷಕ್ಕೆ ಸುಮಾರು 7 ಲೀಟರ್ ಹರಿದರೆ ಸಾಕು. ಹೀಟ್ ಪಂಪಿನಲ್ಲಿ ಸಾಮಾನ್ಯವಾಗಿ 5 ಡಿಗ್ರಿ ವ್ಯತ್ಯಾಸ ಇಡುತ್ತಾರೆ. ಅದೇ 10 ಕಿಲೋವ್ಯಾಟಿಗೆ ಆಗ ಸುಮಾರು 29 ಲೀಟರ್ ಹರಿಯಬೇಕು. 8 ಅಥವಾ 10 ಮಿ.ಮೀ. ಸಣ್ಣ ಪೈಪ್ ಇರುವ ಮನೆಗಳಲ್ಲಿ ಇದಕ್ಕೇ ಕೊಟೇಶನ್ ಒಮ್ಮೆಲೇ ಹಾರುವುದು. ಈಗ ಯಾವ ಕಾರಣಕ್ಕಾದರೂ ನೆಲ ತೆರೆದರೆ ದಪ್ಪ ಪೈಪನ್ನೇ ಹಾಕಿಸಿ. ಪೈಪಿನ ಬೆಲೆಯಲ್ಲಿ ವ್ಯತ್ಯಾಸ ಆಗುತ್ತದೆ, ನೆಲ ತೆರೆದು ಮುಚ್ಚುವ ಕೂಲಿ ಅದೇ.

ಅದಕ್ಕೂ ಮೊದಲು ದುಡ್ಡಿಲ್ಲದ ಒಂದು ಪರೀಕ್ಷೆ. ಚಳಿ ಜೋರಾಗಿರುವ ವಾರದಲ್ಲಿ ಬಾಯ್ಲರಿನಿಂದ ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು 50 ಡಿಗ್ರಿಗೆ ಇಳಿಸಿ, ಜಾಸ್ತಿ ಹೊತ್ತು ಓಡಲು ಬಿಡಿ. ಬೆಚ್ಚಗುಳಿದ ಕೋಣೆಗಳಿಗೆ ಹೊಸ ರೇಡಿಯೇಟರ್ ಬೇಕಿಲ್ಲ. ತಣ್ಣಗಾದ ಕೋಣೆಗಳಿಗೆ ಮಾತ್ರ ಬದಲಿಸಿ. ಬಿಸಿನೀರಿನ ಟ್ಯಾಂಕಿನ ಸೆಟ್ಟಿಂಗ್ ಮಾತ್ರ ಮುಟ್ಟಬೇಡಿ. ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಾರದು ಅಂತ ಟ್ಯಾಂಕಿನ ನೀರನ್ನು 60 ಡಿಗ್ರಿಯಲ್ಲಿ ಇಡುವುದು.

ಮಾಳಿಗೆ ಮೇಲೆ

ಇದನ್ನು ಯಾರೂ ಹೇಳಿರಲಿಲ್ಲ. ಬಂದ ಇಬ್ಬರೂ ಎಲ್ಲಾ ರೇಡಿಯೇಟರ್ ಬದಲಿಸಬೇಕು ಅಂತಲೇ ಶುರು ಮಾಡಿದ್ದರು.

ಕಂಬಳಿ ಸಾಕು

ನೋಡಿದಿರಾ? ನಾನು ಹೇಳಿದರೆ ಮಾತ್ರ ಕೋಪ.

ಆದರೂ ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ಕಡಿಮೆ ಹೇಳಿದವರೆಲ್ಲಾ ಅರ್ಧಂಬರ್ಧ ಕೆಲಸದವರು ಅಂತ ಇಲ್ಲಿ ಒಂದು ಗಾಳಿ ಬೀಸುತ್ತಿದೆ. ನನ್ನ ಮನೆ ಕೆಲಸ ಮಾಡಿದವರು ಒಬ್ಬರೇ ಬಂದು, ಒಬ್ಬರೇ ಮಾಡಿ, ಎಲ್ಲರಿಗಿಂತ ಕಡಿಮೆ ತೆಗೆದುಕೊಂಡರು. ಈವರೆಗೂ ಒಂದು ತೊಟ್ಟು ಸೋರಿಲ್ಲ.

ಪೈಪ್ ಪಾನಾ

ಅದೂ ನಿಜವೇ. ಒಬ್ಬರೇ ಕೆಲಸ ಮಾಡುವವರಿಗೆ ಆಫೀಸ್ ಬಾಡಿಗೆ ಇಲ್ಲ, ಜಾಹೀರಾತಿನ ಖರ್ಚಿಲ್ಲ, ಫೋನ್ ಎತ್ತುವವರ ಸಂಬಳ ಇಲ್ಲ. ಕಡಿಮೆಗೆ ಮಾಡಬಲ್ಲರು. ಚಳಿಗಾಲದ ನಡುವೆ ಬಾಯ್ಲರ್ ಕೈಕೊಟ್ಟಾಗ ಅವರು ಇನ್ನೊಂದು ಮನೆಯಲ್ಲಿ ಸಿಕ್ಕಿಬಿದ್ದಿರಬಹುದು, ಅದೊಂದು ಇದೆ. ಗ್ಯಾಸ್ ಕೆಲಸಕ್ಕೆ ಮಾತ್ರ ಲೈಸೆನ್ಸ್ ನೋಡದೆ ಯಾರನ್ನೂ ಬಿಡಬೇಡಿ, ಎಷ್ಟೇ ಕಡಿಮೆ ಹೇಳಲಿ. ಸರಿಯಾಗಿ ಉರಿಯದ ಬಾಯ್ಲರ್ ಬಿಡುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಾಯ್ಲರ್ ಹತ್ತಿರ ಅದರ ಅಲಾರಂ ಒಂದು ಹಾಕಿಸಿ.

ಸುಮ್ನೆ ಓದುವವ

ದಿನಗೂಲಿ ಒಳ್ಳೆಯದಾ, ಒಟ್ಟು ಮೊತ್ತ ಒಳ್ಳೆಯದಾ? ಅದನ್ನು ಯಾರೂ ಹೇಳಲಿಲ್ಲ.

ಪೈಪ್ ಪಾನಾ

ಏನು ಮಾಡಬೇಕು ಅಂತ ಗೊತ್ತಿರುವ ಕೆಲಸಕ್ಕೆ ಒಟ್ಟು ಮೊತ್ತ. ಬಾಯ್ಲರ್ ಬದಲಿಸುವುದು ಅಂಥದ್ದು. ಎಲ್ಲಿ ಸೋರುತ್ತಿದೆ ಅಂತ ಹುಡುಕುವ ಕೆಲಸಕ್ಕೆ ಗಂಟೆ ಲೆಕ್ಕ. ಅದಕ್ಕೆ ಯಾರಾದರೂ ಒಟ್ಟು ಮೊತ್ತ ಹೇಳಿದರೆ, ಕೆಟ್ಟದ್ದೆಲ್ಲಾ ಊಹಿಸಿಕೊಂಡೇ ಹೇಳಿರುತ್ತಾರೆ. ಗಂಟೆ ಲೆಕ್ಕದಲ್ಲಿ ಗಡಿಯಾರ ಯಾವಾಗಿನಿಂದ ಶುರು ಅಂತ ಕೇಳಿ. ಮನೆಗೆ ಬಂದ ಮೇಲಾ, ಹೊರಟಾಗಿನಿಂದಲಾ? ಸಾಮಾನು ತರಲು ಅಂಗಡಿಗೆ ಹೋದ ಹೊತ್ತು ಯಾರ ಲೆಕ್ಕ? ಜಗಳ ಬರುವುದೆಲ್ಲಾ ಇಲ್ಲೇ.

ಅಡ್ವಾನ್ಸ್ ಸಾಮಾನಿನ ಬೆಲೆಯಷ್ಟು ಕೇಳುವುದು ನ್ಯಾಯ. ಪೂರ್ತಿ ದುಡ್ಡು ಮೊದಲೇ ಕೇಳಿದರೆ ಬೇರೆಯವರನ್ನು ನೋಡಿ. ಕೊನೆಯ ಕಂತನ್ನು ಎಲ್ಲಾ ರೇಡಿಯೇಟರ್ ಬಿಸಿಯಾಗಿ, ವಾರಂಟಿ ನೋಂದಣಿ ಕಾಗದ ಕೈಗೆ ಬಂದ ಮೇಲೆ ಕೊಡಿ. ನಡುವೆ “ಇದೂ ಮಾಡಬೇಕಾಯಿತು” ಅಂತ ಬಂದರೆ, ಮಾಡುವ ಮೊದಲು ಮೊತ್ತ ಬರೆದು ಕಳಿಸಲು ಹೇಳಿ. ಮೆಸೇಜ್ ಆದರೂ ಸಾಕು.

ಇನ್ನೊಂದು. ಮೊದಲ ಚಳಿ ಬಿದ್ದ ವಾರ ನಮಗೆ ಊಟಕ್ಕೂ ಬಿಡುವಿರುವುದಿಲ್ಲ. ಆಗ ಫೋನ್ ಮಾಡಿ ಚೌಕಾಸಿ ಮಾಡಿದರೆ ನಡೆಯುವುದಿಲ್ಲ. ಬೇಸಿಗೆಯಲ್ಲಿ ಕೇಳಿ, ದರವೂ ಇಳಿಯಬಹುದು, ನಿಧಾನವಾಗಿ ಕೂತು ಮಾಡಲೂ ಆಗುತ್ತದೆ.

ಹಳೇ ಬಾಯ್ಲರ್

ಸುದ್ದಿ ಇದೆ. ಮೂರನೆಯವರ ಪಟ್ಟಿಯಿಂದ ಮೊತ್ತ ತೆಗೆದು, ಬರೀ ಕೆಲಸಗಳನ್ನು ಬರೆದು ಮೊದಲ ಇಬ್ಬರಿಗೂ ಕಳಿಸಿದೆ. ಇಷ್ಟನ್ನೂ ಸೇರಿಸಿ ಹೇಳಿ ಅಂದೆ. ಮೊದಲನೆಯವರ ಮೊತ್ತ ಚೆನ್ನಾಗಿ ಏರಿತು. ಕಂಡೆನ್ಸೇಟ್ ಪೈಪ್ ಹೇಗೆ ಒಯ್ಯುತ್ತೀರಿ ಅಂದಾಗ “ಅದು ಆ ದಿನ ನೋಡೋಣ” ಅಂದರು. ಎರಡನೆಯವರು ಮತ್ತೆ ಬಂದು ನೋಡಿ, ಪೈಪನ್ನು ಒಳಗಿನಿಂದಲೇ ಅಡುಗೆಮನೆ ಸಿಂಕಿನ ಪೈಪಿಗೆ ಸೇರಿಸುತ್ತೇನೆ, ಹೊರಗೆ ಹೋಗುವುದೇ ಬೇಡ ಅಂದರು. ಅದರ ಕೂಲಿ ಸ್ವಲ್ಪವೇ ಸೇರಿಸಿದರು.

ಮೂರನೆಯವರು ನೀರು ತೆಗೆದು ತೋರಿಸಿದರು. ಮಂಕಾಗಿತ್ತು, ಮಸಿಯಂತೇನೂ ಇರಲಿಲ್ಲ. ಅವರೇ ಪವರ್ ಫ್ಲಶ್ ತೆಗೆದು ಔಷಧದ ಕ್ಲೀನಿಂಗ್ ಬರೆದರು. ಈಗ ಮೂರೂ ಮೊತ್ತಗಳ ನಡುವೆ ಮೊದಲಿನಷ್ಟು ಅಂತರ ಇಲ್ಲ. ಎರಡನೆಯವರು ಮತ್ತು ಮೂರನೆಯವರ ನಡುವಿನ ವ್ಯತ್ಯಾಸ ಅಂದರೆ ಹೆಚ್ಚಾಗಿ ಆ ಶಾಖ ನಷ್ಟದ ಲೆಕ್ಕದ್ದೇ.

ಲೆಕ್ಕದ ಪುಸ್ತಕ

ಎರಡನೆಯವರು ಹೇಳಿರುವ ಬಾಯ್ಲರ್ ಎಷ್ಟು ಕಿಲೋವ್ಯಾಟ್? ಮೂರನೆಯವರದು?

ಹಳೇ ಬಾಯ್ಲರ್

ಎರಡನೆಯವರದು 24. ಮೂರನೆಯವರದು 15.

ಲೆಕ್ಕದ ಪುಸ್ತಕ

ಟ್ಯಾಂಕ್ ಇಟ್ಟುಕೊಳ್ಳುವ ಮನೆಗೆ 24 ಯಾಕೆ ಅಂತ ಎರಡನೆಯವರನ್ನು ಕೇಳಿ. ಆ ಬಾಯ್ಲರ್ ಎಷ್ಟು ಕೆಳಗಿನವರೆಗೆ ಇಳಿದು ಉರಿಯಬಲ್ಲದು ಅಂತಲೂ ಕೇಳಿ. 24 ಇದ್ದರೂ 3ಕ್ಕೆ ಇಳಿಯುವಂತಿದ್ದರೆ ಪರವಾಗಿಲ್ಲ. 8ಕ್ಕಿಂತ ಕೆಳಗೆ ಇಳಿಯದಿದ್ದರೆ ಚಳಿ ಕಡಿಮೆ ಇರುವ ದಿನಗಳಲ್ಲಿ ಹೊತ್ತಿ ಆರುವ ಆಟ ಶುರು.

ಹಳೇ ಬಾಯ್ಲರ್

ಕೇಳಿದೆ. “ಹಳೆಯದು ಅಷ್ಟಿತ್ತು, ಅದಕ್ಕೆ” ಅಂದರು. ಮೂರನೆಯವರಿಗೇ ಕೊಡುತ್ತೇನೆ ಅಂತ ತೀರ್ಮಾನ ಮಾಡಿದೆ. ಕಂಡೆನ್ಸೇಟ್ ಪೈಪನ್ನು ಸಿಂಕಿಗೇ ಸೇರಿಸಲು ಅವರೂ ಒಪ್ಪಿದ್ದಾರೆ, ಅದರಿಂದ ಮೊತ್ತ ಇನ್ನಷ್ಟು ಇಳಿಯಿತು.

ಕಂಬಳಿ ಸಾಕು

ಅಂತೂ ಟೇಪಿನವರು ಗೆದ್ದರು. ಆಗಲಿ, ಒಳ್ಳೆಯದಾಗಲಿ.

ತಣ್ಣನೆ ಕೋಣೆ

ನಮ್ಮಲ್ಲಿ ಬ್ಯಾಲೆನ್ಸಿಂಗ್ ಆಯಿತು. ಹಾಲ್ ಮೊದಲಿಗಿಂತ ನಿಧಾನಕ್ಕೆ ಬಿಸಿಯಾಗುತ್ತದೆ, ಮಗಳ ಕೋಣೆ ಈಗ ಬೆಚ್ಚಗಿದೆ. ಪಾನಾ ಅವರಿಗೆ ಧನ್ಯವಾದ. ಕಿಟಕಿ ಸಂದಿಗೆ ಪಟ್ಟಿಯನ್ನೂ ಅಂಟಿಸಿದ್ದೇವೆ, ಯಾವುದರಿಂದ ಎಷ್ಟು ಉಪಯೋಗ ಆಯಿತೋ!

ಹಳೇ ಬಾಯ್ಲರ್

ಕೊನೆಯದೊಂದು. ಹೇಗೂ ಇಡೀ ಮನೆಯ ನೀರು ಖಾಲಿ ಮಾಡುತ್ತಾರೆ. ಅದೇ ಸಲ ಬೇರೆ ಏನಾದರೂ ಮಾಡಿಸಿಕೊಳ್ಳಬೇಕಾ?

ಪೈಪ್ ಪಾನಾ

ಪೈಪಿನ ಅತಿ ತಗ್ಗಿನ ಜಾಗದಲ್ಲಿ ಒಂದು ಡ್ರೈನ್ ವಾಲ್ವ್ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿ. ಟ್ಯಾಂಕಿಗೆ ತಣ್ಣೀರು ಬರುವ ವಾಲ್ವ್ ತಿರುಗುತ್ತದಾ ಪರೀಕ್ಷಿಸಿ, ಹಳೆಯವು ಸಾಮಾನ್ಯವಾಗಿ ಹಿಡಿದುಕೊಂಡಿರುತ್ತವೆ. ನೀರು ತಿರುಗಿಸುವ ಪಂಪ್ ಬಾಯ್ಲರಿನ ಹೊರಗಡೆ ಇದ್ದರೆ ಅದರ ಎರಡೂ ಬದಿಗೆ ಐಸೊಲೇಶನ್ ವಾಲ್ವ್ ಬೇಕು. ಮುಂದೆ ಪಂಪ್ ಕೆಟ್ಟಾಗ ಮನೆಯ ನೀರೆಲ್ಲಾ ಖಾಲಿ ಮಾಡದೆ ಅದೊಂದನ್ನೇ ಬಿಚ್ಚಬಹುದು. ಗೋಡೆಯ ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರಿಗೆ ಮಾತ್ರ ಥರ್ಮೋಸ್ಟಾಟ್ ವಾಲ್ವ್ ಹಾಕಿಸಬೇಡಿ, ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಇವಿಷ್ಟನ್ನೂ ಈಗಲೇ ಕೊಟೇಶನ್‌ನಲ್ಲಿ ಬರೆಸಿ. ಕೆಲಸದ ದಿನ ಬಾಯಿಮಾತಲ್ಲಿ ಹೇಳಿದರೆ ನಾನಾದರೂ ಬೇರೆ ಬಿಲ್ ಹಾಕುತ್ತೇನೆ.